ಬೆಲೆ ತೆರದ ನಾಯಕಿಯರು

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡನ್ನು ಹಿನ್ನೆಲೆಯಾಗಿಟ್ಟುಕೊಂಡು ಇಂದು ಬರೆಯುತ್ತಿರುವ ಪ್ರಣಯ ಕಾದಂಬರಿಗಳ ಮೇಲೆ ಒಂದು ಆರೋಪ ಗಟ್ಟಿಯಾಗಿ ನೆಲೆನಿಂತಿದೆ. ನಾಯಕಿಯ ಮೈಮೇಲೆ ಕಾರ್ಸೆಟ್ಟು, ಓಡಾಟಕ್ಕೆ ಕುದುರೆ ಸಾರೋಟು. ತಲೆಯೊಳಗೆ ಮಾತ್ರ ಇಪ್ಪತ್ತೊಂದನೆಯ ಶತಮಾನ. ಮತದಾನದ ಹಕ್ಕು ಕೇಳುತ್ತಾಳೆ, ವೈದ್ಯಕೀಯ ಓದುತ್ತಾಳೆ, ಮದುವೆಗೆ ಮುಂಚೆ ತನ್ನ ಆಸ್ತಿಯ ಮಾತೆತ್ತುತ್ತಾಳೆ. ಆ ಕಾಲದ ಹೆಂಗಸರು ಹಾಗಿರಲಿಲ್ಲ, ಆದ್ದರಿಂದ ಇದು ಚರಿತ್ರೆಗೆ ಮಾಡಿದ ಅಪಚಾರ ಎಂಬುದು ತೀರ್ಪು. ಈ ಪ್ರಕಾರವನ್ನು ಪ್ರೀತಿಯಿಂದ ಓದುವವರು ಕೂಡ ಇದನ್ನು ಒಪ್ಪಿಕೊಂಡು, ಮನರಂಜನೆಗೆ ಇಷ್ಟು ಸಾಕು ಎಂದು ಸುಮ್ಮನಾಗುತ್ತಾರೆ. ನನಗೆ ಆ ತೀರ್ಪೂ ಒಪ್ಪಿಗೆಯಿಲ್ಲ, ಈ ಸಮಾಧಾನವೂ ಒಪ್ಪಿಗೆಯಿಲ್ಲ. ಚರಿತ್ರೆಗೆ ಅಪಚಾರ ಆಗುತ್ತಿರುವುದು ನಿಜ. ಅದು ಆಗುತ್ತಿರುವುದು ನಾಯಕಿಯ ಅಭಿಪ್ರಾಯಗಳಲ್ಲಿ ಅಲ್ಲ, ಆ ಅಭಿಪ್ರಾಯಗಳಿಗಾಗಿ ಅವಳು ಏನನ್ನೂ ಕಳೆದುಕೊಳ್ಳದೆ ಇರುವುದರಲ್ಲಿ.

ಮೊದಲು ಅಭಿಪ್ರಾಯಗಳ ವಿಚಾರ. ಈವಿ ಡನ್ಮೋರ್ ಅವರ 'ಬ್ರಿಂಗಿಂಗ್ ಡೌನ್ ದಿ ಡ್ಯೂಕ್' (2019) ನಡೆಯುವುದು 1879ರ ಆಕ್ಸ್‌ಫರ್ಡಿನಲ್ಲಿ. ನಾಯಕಿ ಆನಬೆಲ್ ಪಾದ್ರಿಯ ಮಗಳು. ಮತಹಕ್ಕಿನ ಹೋರಾಟಗಾರ್ತಿಯರು ಕೊಟ್ಟ ವಿದ್ಯಾರ್ಥಿವೇತನದ ಮೇಲೆ ಓದಲು ಬಂದವಳು. ಇದು ಕಟ್ಟುಕಥೆಯ ಧಾರಾಳತನ ಎನ್ನುವವರು ಆ ವರ್ಷವನ್ನೊಮ್ಮೆ ಗಮನಿಸಬೇಕು. ಆಕ್ಸ್‌ಫರ್ಡಿನ ಕಾಲೇಜುಗಳಾದ ಲೇಡಿ ಮಾರ್ಗರೆಟ್ ಹಾಲ್ ಮತ್ತು ಸಾಮರ್‌ವಿಲ್ ಎರಡೂ ಹೆಣ್ಣುಮಕ್ಕಳಿಗಾಗಿ ಬಾಗಿಲು ತೆರೆದದ್ದು 1879ರಲ್ಲೇ. ಹೆಂಗಸರಿಗೆ ಮತಹಕ್ಕು ಕೊಡಿ ಎಂದು ಸುಮಾರು ಒಂದೂವರೆ ಸಾವಿರ ಮಹಿಳೆಯರು ಸಹಿ ಹಾಕಿದ ಮನವಿಯನ್ನು ಜಾನ್ ಸ್ಟೂಅರ್ಟ್ ಮಿಲ್ ಪಾರ್ಲಿಮೆಂಟಿನ ಮುಂದಿಟ್ಟದ್ದು ಅದಕ್ಕೂ 13 ವರ್ಷ ಹಿಂದೆ, 1866ರಲ್ಲಿ. ಲೀಸಾ ಕ್ಲೇಪಸ್ ಅವರ 'ಹಲೋ ಸ್ಟ್ರೇಂಜರ್' (2018) ಕಾದಂಬರಿಯ ವೈದ್ಯೆ ನಾಯಕಿಯ ಹಿಂದೆ ಎಲಿಜಬೆತ್ ಗ್ಯಾರೆಟ್ ಇದ್ದಾರೆ. 1865ರಲ್ಲಿ ಔಷಧ ವ್ಯಾಪಾರಿಗಳ ಸಂಘವಾದ ಸೊಸೈಟಿ ಆಫ್ ಅಪೊಥೆಕರೀಸ್‌ನ ನಿಯಮದಲ್ಲಿದ್ದ ಸಂದಿಯನ್ನು ಹುಡುಕಿ ಆಕೆ ವೈದ್ಯ ಪರವಾನಗಿ ಪಡೆದರು. ಇನ್ನೊಬ್ಬಳು ಅದೇ ದಾರಿಯಲ್ಲಿ ಬಾರದಂತೆ ಆ ಸಂಘ ಕೂಡಲೇ ಸಂದಿಯನ್ನು ಮುಚ್ಚಿಕೊಂಡಿತು.

'ಆ ಕಾಲದ ಹೆಂಗಸು' ಎಂದು ನಾವು ಯಾವುದನ್ನು ಕರೆಯುತ್ತೇವೋ ಆ ಚಿತ್ರ ಬಹುಮಟ್ಟಿಗೆ ಆ ಕಾಲದ್ದೇ ಅಲ್ಲ. ಅಪ್ಪಂದಿರ ತಲೆಮಾರಿನೊಂದಿಗೆ ಜಗಳಕ್ಕಿಳಿದ ಮಕ್ಕಳು ಬಿಡಿಸಿದ್ದು. ಲಿಟನ್ ಸ್ಟ್ರೇಚಿಯ 1918ರ 'ಎಮಿನೆಂಟ್ ವಿಕ್ಟೋರಿಯನ್ಸ್' ಅದರ ಪ್ರಸಿದ್ಧ ಉದಾಹರಣೆ. ಪಿಯಾನೋದ ಕಾಲುಗಳಿಗೂ ನಾಚಿಕೆಯಿಂದ ಬಟ್ಟೆ ತೊಡಿಸುತ್ತಿದ್ದರು ಎಂಬ ಕಥೆಯನ್ನು ಕೇಳದವರಿಲ್ಲ. ಅದರ ಮೂಲ 1839ರಲ್ಲಿ ಕ್ಯಾಪ್ಟನ್ ಮ್ಯಾರಿಯಟ್ ಬರೆದ ಅಮೆರಿಕ ಪ್ರವಾಸಕಥನ. ಅಮೆರಿಕನ್ನರ ಅತಿಶಿಷ್ಟಾಚಾರವನ್ನು ಕಂಡು ಇಂಗ್ಲಿಷರು ನಕ್ಕ ಪ್ರಸಂಗವನ್ನು ಮುಂದಿನವರು ಇಂಗ್ಲಿಷರ ತಲೆಗೇ ಕಟ್ಟಿದರು. ಇಂಥ ಕೇಳಿಕೆಗಳ ಮೇಲೆ ನಿಂತ ವಿಕ್ಟೋರಿಯನ್ ಹೆಂಗಸನ್ನು ಅಳತೆಗೋಲು ಮಾಡಿಕೊಂಡು ಕಾದಂಬರಿಯ ಅಥೆಂಟಿಸಿಟಿಯನ್ನು ಅಳೆಯುವುದು ವಿಮರ್ಶೆಯ ಸೋಮಾರಿತನ.

ಇದರಲ್ಲಿ ಪಕ್ಷಪಾತವೂ ಇದೆ. ಜಾನ್ ಫೌಲ್ಸ್‌ನ 'ದಿ ಫ್ರೆಂಚ್ ಲೆಫ್ಟಿನೆಂಟ್ಸ್ ವುಮನ್' (1969) ನಡೆಯುವುದು 1867ರಲ್ಲಿ. ಅದರ ಸಾರಾ ವುಡ್ರಫ್ ಅಸ್ತಿತ್ವವಾದದ ದಶಕದಿಂದ ನೇರವಾಗಿ ಎದ್ದುಬಂದ ಪಾತ್ರ, ಲೇಖಕನೂ ಅದನ್ನು ಬಚ್ಚಿಡುವುದಿಲ್ಲ. ಅಲ್ಲಿ ಕಾಲದೋಷವನ್ನು ಪ್ರಯೋಗಶೀಲತೆ ಎಂದು ಕೊಂಡಾಡಿದ ವಿಮರ್ಶೆ, ಮುಖಪುಟದಲ್ಲಿ ರೇಷ್ಮೆ ಗೌನು ಕಂಡೊಡನೆ ಅದನ್ನೇ ಅಜ್ಞಾನ ಎನ್ನುತ್ತದೆ. ಥ್ಯಾಕರೆ 'ವ್ಯಾನಿಟಿ ಫೇರ್'ನಲ್ಲಿ ವಾಟರ್ಲೂ ಕಾಲದ ಪಾತ್ರಗಳಿಗೆ ತನ್ನ ಕಾಲದ ಉಡುಪನ್ನೇ ತೊಡಿಸಿ ಚಿತ್ರ ಬರೆದ. ಹಳೆಯ ಉಡುಪು ತೀರಾ ವಿಕಾರ ಎಂಬುದು ಅವನೇ ಕೊಟ್ಟ ಕಾರಣ. ಹಿಂದಿನದನ್ನು ಇಂದಿನ ಓದುಗನಿಗೆ ಒಗ್ಗಿಸಿಕೊಳ್ಳುವ ಹಕ್ಕನ್ನು ಸ್ಕಾಟ್ 'ಐವನ್‌ಹೋ'ದ ಅರ್ಪಣೆಯ ಮಾತುಗಳಲ್ಲೇ ಕೇಳಿಕೊಂಡಿದ್ದ. ಆ ಹಕ್ಕು ಪ್ರಣಯ ಕಾದಂಬರಿ ಬರೆಯುವ ಹೆಂಗಸರಿಗೂ ಸಲ್ಲಬೇಕು.

ಇಷ್ಟು ಅವರ ಪರವಾಗಿ ಹೇಳಿದ ಮೇಲೆ ನನ್ನ ತಕರಾರಿಗೆ ಬರುತ್ತೇನೆ. ಕ್ಯಾರೊಲಿನ್ ನಾರ್ಟನ್ ಎಂಬ ಲೇಖಕಿಯ ಬದುಕನ್ನು ನೋಡಿ. ಗಂಡ ಹೊಡೆಯುತ್ತಿದ್ದ. 1836ರಲ್ಲಿ ಪ್ರಧಾನಿ ಮೆಲ್ಬರ್ನ್ ಜೊತೆ ಆಕೆಯ ಹೆಸರು ಸೇರಿಸಿ ಕೋರ್ಟಿಗೆಳೆದು ಸೋತ. ಸೋತರೂ ಮೂವರು ಗಂಡುಮಕ್ಕಳು ಅವನ ಬಳಿಯೇ ಉಳಿದರು, ಏಕೆಂದರೆ ಕಾನೂನಿನ ಪ್ರಕಾರ ಮಕ್ಕಳು ತಂದೆಯ ಸೊತ್ತು. ಆಕೆ ಕರಪತ್ರ ಬರೆದರು, ಪಾರ್ಲಿಮೆಂಟಿನ ಸದಸ್ಯರನ್ನು ಹಿಡಿದರು. 1839ರಲ್ಲಿ ಏಳು ವರ್ಷದೊಳಗಿನ ಮಕ್ಕಳಿಗಾಗಿ ತಾಯಿ ಅರ್ಜಿ ಹಾಕಬಹುದೆಂಬ ಕಾಯಿದೆ ಬಂತು. ಗಂಡ ಮಕ್ಕಳನ್ನು ಆ ಕಾಯಿದೆ ತಲುಪದ ಸ್ಕಾಟ್ಲೆಂಡಿಗೆ ಕಳಿಸಿಬಿಟ್ಟಿದ್ದ. 1842ರಲ್ಲಿ ಕಿರಿಯ ಮಗ ಕುದುರೆಯಿಂದ ಬಿದ್ದು ಗಾಯ ನಂಜಾಗಿ ತೀರಿಕೊಂಡ. ತಾಯಿ ತಲುಪುವಷ್ಟರಲ್ಲಿ ಪ್ರಾಣ ಹೋಗಿತ್ತು. ಮುಂದೆ ಆಕೆ ಬರೆದು ಗಳಿಸಿದ ಹಣದ ಮೇಲೂ ಗಂಡ ಹಕ್ಕು ಸಾಧಿಸಿದ. ಕಾಯಿದೆ ಆಕೆಯಿಂದ ಬಂತು, ಆಕೆಗೆ ಒದಗಲಿಲ್ಲ.

ಈ ಬದುಕಿನ ತೂಕವನ್ನು ಹೊರಬಲ್ಲ ಪ್ರಣಯ ಕಾದಂಬರಿ ಅಪರೂಪ. ಸಾಮಾನ್ಯವಾಗಿ ನಡೆಯುವುದೇನು? ಒಬ್ಬ ಡ್ಯೂಕನ ಮನಸ್ಸು ಕರಗುತ್ತದೆ, ಅದರೊಂದಿಗೆ ಕಾನೂನೂ ಕರಗಿಹೋಗುತ್ತದೆ. ವಿವಾಹಿತೆಯ ಆಸ್ತಿಯ ಬಗ್ಗೆ ಮುನ್ನೂರು ಪುಟ ವಾದಿಸಿದ ನಾಯಕಿಗೆ ಕೊನೆಗೆ ಆಸ್ತಿಹಕ್ಕಿನ ಅಗತ್ಯವೇ ಬೀಳುವುದಿಲ್ಲ, ಗಂಡ ಒಳ್ಳೆಯವನು. ವಿವಾಹಿತೆಯರ ಆಸ್ತಿಯ ಬಗೆಗಿನ 1870ರ ಕಾಯಿದೆ ಸಾಲದೆಂದು 1882ರವರೆಗೆ ಹೆಂಗಸರು ಹೋರಾಡಿದ್ದು ಒಳ್ಳೆಯ ಗಂಡ ಸಿಕ್ಕಿದವರ ಪರವಾಗಿ ಅಲ್ಲ. ಕೆಟ್ಟ ಗಂಡನ ಕೈಗೆ ಸಿಕ್ಕಿದವಳಿಗೆ ಹೊರಬರಲು ಬಾಗಿಲಿರಲಿಲ್ಲ ಎಂಬುದೇ ಆ ಹೋರಾಟದ ತಿರುಳು. ಆನ್ ಬ್ರಾಂಟೆ 1848ರಲ್ಲೇ ಇದನ್ನು ಬರೆದಿದ್ದಳು. 'ದಿ ಟೆನೆಂಟ್ ಆಫ್ ವೈಲ್ಡ್‌ಫೆಲ್ ಹಾಲ್'ನ ಹೆಲೆನ್ ಚಿತ್ರ ಬರೆದು ಮಾರಿ ಬದುಕುವ ಯೋಚನೆಯಲ್ಲಿದ್ದಾಳೆಂದು ತಿಳಿದ ಗಂಡ ಬೀಗದ ಕೈಗಳನ್ನು ಕಿತ್ತುಕೊಳ್ಳುತ್ತಾನೆ. ಆಮೇಲೆ ಅವಳ ಬಣ್ಣ, ಕುಂಚ, ಹಲಗೆ ಎಲ್ಲವನ್ನೂ ಒಂದೊಂದಾಗಿ ಒಲೆಗೆ ಹಾಕುತ್ತಾನೆ. ಅವಳು ನಿಂತು ನೋಡುತ್ತಾಳೆ. ಕಾನೂನಿನ ಕಣ್ಣಲ್ಲಿ ಸುಟ್ಟದ್ದು ಅವನದೇ ವಸ್ತು. ಮುಂದೆ ಮಗನೊಂದಿಗೆ ಓಡಿಹೋಗಿ, ಬೇರೆ ಹೆಸರಿನಲ್ಲಿ ಬದುಕುತ್ತ ಅವಳು ಚಿತ್ರ ಮಾರಿ ಗಳಿಸುವ ಪ್ರತಿ ಷಿಲಿಂಗೂ ಅವನದೇ. ಈ ಒಂದು ಒಲೆಯ ದೃಶ್ಯದಲ್ಲಿರುವಷ್ಟು ಇತಿಹಾಸ, ಉಡುಪು ಸಾರೋಟುಗಳ ವಿವರವನ್ನು ಕೂದಲೆಳೆಯೂ ತಪ್ಪದಂತೆ ಕೊಡುವ ಹತ್ತು ಪುಸ್ತಕಗಳಲ್ಲಿ ಸಿಗುವುದಿಲ್ಲ.

ಎರಡನೆಯ ತಕರಾರು ಇನ್ನೂ ಆಳದ್ದು. ಇಂದಿನ ನಾಯಕಿ ನಮ್ಮೊಂದಿಗೆ ಯಾವುದರಲ್ಲೂ ಭಿನ್ನಾಭಿಪ್ರಾಯ ಹೊಂದಿರುವುದಿಲ್ಲ. ಹೆಣ್ಣಿನ ವಿಚಾರದಲ್ಲಿ ನಮ್ಮಂತೆ ಯೋಚಿಸುವವಳು ವರ್ಗ, ಜನಾಂಗ, ದೇವರು, ಬಡವರು ಎಲ್ಲದರಲ್ಲೂ ನಮ್ಮಂತೆಯೇ. ಚರಿತ್ರೆಯಲ್ಲಿ ಹಾಗೆ ಇಡಿಯಾಗಿ ನಮ್ಮ ಕಡೆ ನಿಂತವರು ಸಿಗುವುದಿಲ್ಲ. ತಾಯಂದಿರ ಹಕ್ಕಿಗಾಗಿ ಅಷ್ಟು ತೆತ್ತ ಕ್ಯಾರೊಲಿನ್ ನಾರ್ಟನ್, ಗಂಡು ಹೆಣ್ಣು ಸಮಾನರೆಂಬ ಮಾತನ್ನು ತಾನು ಒಪ್ಪುವುದಿಲ್ಲವೆಂದು ಬಹಿರಂಗವಾಗಿ ಹೇಳಿದ್ದರು. ಸೈನಿಕರ ಆರೋಗ್ಯದ ನೆಪದಲ್ಲಿ ಬಡ ಹೆಂಗಸರನ್ನು ಹಿಡಿದು ಬಲವಂತದ ತಪಾಸಣೆಗೆ ಒಳಪಡಿಸುತ್ತಿದ್ದ ಕಾಯಿದೆಗಳ ವಿರುದ್ಧ, ಅವು 1886ರಲ್ಲಿ ರದ್ದಾಗುವವರೆಗೂ ಹೋರಾಡಿದ ಜೋಸೆಫಿನ್ ಬಟ್ಲರ್ ಪಾದ್ರಿಯೊಬ್ಬನ ಹೆಂಡತಿ. ಆಕೆಯ ಧೈರ್ಯವೆಲ್ಲ ಪ್ರಾರ್ಥನೆಯಿಂದ ಬಂದದ್ದು; ಹೋರಾಟದ ನಡುವೆಯೇ ಸಂತ ಕ್ಯಾಥರೀನಳ ಜೀವನಚರಿತ್ರೆ ಬರೆದರು. ಇನ್ನು ಆನಬೆಲ್‌ಳ ಆಕ್ಸ್‌ಫರ್ಡಿಗೇ ಹೋಗೋಣ. 1879ರಲ್ಲಿ ಅಲ್ಲಿ ಸಾಮರ್‌ವಿಲ್ ಕಟ್ಟಲು ದುಡಿದವರಲ್ಲಿ ಮೇರಿ ವಾರ್ಡ್ ಒಬ್ಬರು. ಮಿಸೆಸ್ ಹಂಫ್ರಿ ವಾರ್ಡ್ ಎಂಬ ಹೆಸರಿನಲ್ಲಿ ಪ್ರಸಿದ್ಧರಾದ ಈ ಕಾದಂಬರಿಕಾರ್ತಿ ಹತ್ತು ವರ್ಷದ ಬಳಿಕ, 1889ರಲ್ಲಿ, ಹೆಂಗಸರಿಗೆ ಮತಹಕ್ಕು ಬೇಡವೆಂಬ ಮನವಿಯ ಮುಂಚೂಣಿಯಲ್ಲಿದ್ದರು. ಹೆಣ್ಣುಮಕ್ಕಳಿಗೆ ಕಾಲೇಜು ಕಟ್ಟಿದ ಕೈಯೇ ಅವರ ಮತಪತ್ರವನ್ನು ತಡೆಯಿತು. ಇಂಥವಳನ್ನು ನಾಯಕಿ ಮಾಡಿ, ಅವಳನ್ನು ಪ್ರೀತಿಸುವಂತೆ ನನ್ನನ್ನು ಒಪ್ಪಿಸಬಲ್ಲ ಕಾದಂಬರಿ ನನಗೆ ಬೇಕು. ನಮ್ಮ ಮೌಲ್ಯಗಳನ್ನು ಪರೀಕ್ಷೆಗೆ ಒಡ್ಡುವುದು ಅಂಥ ಪಾತ್ರ. ಆನಬೆಲ್ ನಮ್ಮ ಬೆನ್ನು ತಟ್ಟುತ್ತಾಳೆ, ಅಷ್ಟೆ. ನಾಯಕಿಯಿಂದ ದೇವರನ್ನು ಪೂರಾ ತೆಗೆದುಹಾಕಿದ್ದಂತೂ ಈ ಪ್ರಕಾರದ ಅತಿ ದೊಡ್ಡ ಕಾಲದೋಷ; ಅದನ್ನು ಕಾಲದೋಷವೆಂದು ಯಾರೂ ಗುರುತಿಸುವುದೂ ಇಲ್ಲ.

ಆಳುಗಳ ವಿಚಾರವೂ ಹೀಗೆಯೇ. 1871ರ ಜನಗಣತಿಯ ಹೊತ್ತಿಗೆ ಇಂಗ್ಲೆಂಡಿನಲ್ಲಿ ಮನೆಗೆಲಸದ ಹೆಂಗಸರ ಸಂಖ್ಯೆ ಹತ್ತು ಲಕ್ಷ ದಾಟಿತ್ತು. ನಮ್ಮ ಕಾದಂಬರಿಗಳಲ್ಲಿ ಅವರು ಕೂದಲು ಬಾಚುತ್ತಾರೆ, ಪ್ರೇಮಪತ್ರ ತಲುಪಿಸುತ್ತಾರೆ, ಒಡತಿಯ ಕರುಣೆಗೆ ಕಣ್ಣೀರಾಗುತ್ತಾರೆ. ವರ್ಗ ದಾಟಿದ ನಿಜವಾದ ವಿಕ್ಟೋರಿಯನ್ ಪ್ರಣಯವೊಂದರ ದಾಖಲೆ ನಮ್ಮ ಮುಂದಿದೆ. ಹ್ಯಾನಾ ಕಲ್ವಿಕ್ ಮನೆಗೆಲಸದವಳು. ಬೂಟು ಉಜ್ಜಿದ, ಒಲೆಯ ಮಸಿ ತೆಗೆದ, ಮೆಟ್ಟಿಲು ತೊಳೆದ ಲೆಕ್ಕವನ್ನು ದಿನಚರಿಯಲ್ಲಿ ಬರೆದಿಡುತ್ತಿದ್ದಳು. ಅವಳನ್ನು ಪ್ರೀತಿಸಿದವನು ಆರ್ಥರ್ ಮನ್ಬಿ, ಕೇಂಬ್ರಿಜ್‌ನಲ್ಲಿ ಓದಿದ ವಕೀಲ, ಕವಿ. 1873ರಲ್ಲಿ ಗುಟ್ಟಾಗಿ ಮದುವೆಯಾದರು. ಕಾದಂಬರಿಯಾಗಿದ್ದರೆ ಅಲ್ಲಿಗೆ ಕಸಬರಿಗೆ ಮೂಲೆ ಸೇರಿ, ಹ್ಯಾನಾ ರೇಷ್ಮೆ ಉಡುತ್ತಿದ್ದಳು. ಅವಳು ಒಪ್ಪಲಿಲ್ಲ. ಲೇಡಿ ಆಗುವುದು ಅವಳಿಗೆ ಬೇಕಿರಲಿಲ್ಲ. ಕೆಲಸದಲ್ಲೇ ತನ್ನ ಸ್ವಾತಂತ್ರ್ಯವಿದೆ ಎಂದು ನಂಬಿದ್ದಳು. ಗಂಡನ ಮನೆಯಲ್ಲಿ ಆಳಾಗಿಯೇ ಉಳಿದು, ಕೆಲವು ವರ್ಷಗಳಲ್ಲಿ ಅಲ್ಲಿಂದಲೂ ಹೊರಟಳು. ಮನ್ಬಿ ಅವಳನ್ನು ನೋಡಲು ಹೋಗುತ್ತಿದ್ದ. ಅವನು ಟ್ರಿನಿಟಿ ಕಾಲೇಜಿಗೆ ಬಿಟ್ಟುಹೋದ, ಈ ದಾಖಲೆಗಳಿದ್ದ ಪೆಟ್ಟಿಗೆಗಳನ್ನು ತೆರೆದದ್ದು 1950ರಲ್ಲಿ. ಈ ಪ್ರೀತಿಯಲ್ಲಿ ಆಳಿಕೆ, ಆಸೆ, ಗೌರವ, ಹಟ ಎಲ್ಲ ಬೆರೆತಿವೆ. ಇದನ್ನು ಶೋಷಣೆ ಎಂದು ಕೈತೊಳೆದುಕೊಳ್ಳಲೂ ಆಗದು, ಸಮಾನತೆ ಎಂದು ಮೆಚ್ಚಲೂ ಆಗದು. ಇತಿಹಾಸ ಇಷ್ಟು ವಿಚಿತ್ರವಾದ ಪ್ರೇಮವನ್ನು ಕೈಗಿಟ್ಟಿರುವಾಗ ನಮ್ಮ ಲೇಖಕಿಯರು ಅದರ ಅರ್ಧದಷ್ಟು ಧೈರ್ಯವನ್ನೂ ತೋರುವುದಿಲ್ಲ ಎಂಬುದು ನನ್ನ ದುಃಖ.

ಪ್ರಣಯ ಕಾದಂಬರಿಗೂ ಓದುಗರಿಗೂ ಒಂದು ಒಪ್ಪಂದವಿದೆ, ಕೊನೆ ಸುಖವಾಗಿರಬೇಕು. ನೀವು ಕೇಳುತ್ತಿರುವುದು ದುರಂತವನ್ನು ಎಂದು ವಾದಿಸುವವರಿದ್ದಾರೆ. ಒಪ್ಪಂದ ನನಗೂ ಬೇಕು. 'ಜೇನ್ ಏರ್' ಸುಖಾಂತವೇ ಅಲ್ಲವೆ? ಆದರೆ ಜೇನ್ ಸುಖವನ್ನು ತಲುಪುವ ಮುನ್ನ ಬಾಗಿಲು ಬಾಗಿಲಿಗೆ ಹಸಿದು ಅಲೆಯುತ್ತಾಳೆ, ಅವಳು ಪ್ರೀತಿಸಿದ ರಾಚೆಸ್ಟರ್ ಕೈಯನ್ನೂ ಕಣ್ಣನ್ನೂ ಕಳೆದುಕೊಳ್ಳುತ್ತಾನೆ. ಹಣ ಎಲ್ಲಿಂದ ಬಂತೆಂಬುದನ್ನೂ ಷಾರ್ಲೆಟ್ ಬ್ರಾಂಟೆ ಮುಚ್ಚಿಡುವುದಿಲ್ಲ: ಜೇನ್‌ಗೆ ಮಡೀರಾ ದ್ವೀಪದ ಚಿಕ್ಕಪ್ಪ ಬಿಟ್ಟ ಇಪ್ಪತ್ತು ಸಾವಿರ ಪೌಂಡು, ರಾಚೆಸ್ಟರ್‌ಗೆ ಮೊದಲ ಹೆಂಡತಿ ಬರ್ತಾಳೊಂದಿಗೆ ಜಮೈಕಾದಿಂದ ಬಂದ ಮೂವತ್ತು ಸಾವಿರ. ಇಂದಿನ ಡ್ಯೂಕನ ಎಸ್ಟೇಟಿಗೆ ಅಂಥ ಭೂಗೋಳವೇ ಇಲ್ಲ.

ಆ ಭೂಗೋಳದಲ್ಲಿ ನಾವೂ ಇದ್ದೆವು. 1840ರ ದಶಕದಲ್ಲಿ ಸುರಪುರದ ಆಡಳಿತ ನೋಡಿಕೊಂಡಿದ್ದ ಫಿಲಿಪ್ ಮೆಡೋಸ್ ಟೇಲರ್ 1872ರಲ್ಲಿ 'ಸೀತಾ' ಎಂಬ ಕಾದಂಬರಿ ಪ್ರಕಟಿಸಿದ. 1857ರ ದಂಗೆಯ ನಡುವೆ ಇಂಗ್ಲಿಷ್ ಅಧಿಕಾರಿಯೊಬ್ಬ ಹಿಂದೂ ವಿಧವೆಯನ್ನು ಮದುವೆಯಾಗುವ ಕಥೆ. ಹಗೆಯ ಗಾಯ ಇನ್ನೂ ಹಸಿಯಾಗಿದ್ದಾಗ ಒಬ್ಬ ವಿಕ್ಟೋರಿಯನ್ ಇದನ್ನು ಬರೆದ. ಇಂದು ಯಾರಾದರೂ ಹೊಸದಾಗಿ ಬರೆದಿದ್ದರೆ ಕಾಲದೋಷ ಎಂದೇ ತಳ್ಳಿಹಾಕುತ್ತಿದ್ದೆವು. ಟೇಲರ್‌ನ ಹೆಂಡತಿ ಮೇರಿ, ಹೈದರಾಬಾದಿನ ವಿಲಿಯಂ ಪಾಮರ್‌ನ ಮಗಳು. ಆಕೆಯ ಅಜ್ಜಿ ಫೈಜ್ ಬಕ್ಷ್ ಎಂಬ ಬೇಗಂ. ಅಂಥ ಸಂಸಾರ ಸಾಧ್ಯವೆಂದು ಮನೆಯಲ್ಲೇ ಕಂಡವನು ಕೂಡ ಸೀತೆಯನ್ನು ಬದುಕಿಸಲಿಲ್ಲ. ಗಂಡನಿಗೆ ಗುರಿಯಿಟ್ಟ ಭರ್ಜಿಗೆ ಅವಳು ಎದೆಯೊಡ್ಡುತ್ತಾಳೆ, ಅವನು ಮುಂದೆ ಇಂಗ್ಲಿಷ್ ಹುಡುಗಿಯ ಕೈಹಿಡಿಯುತ್ತಾನೆ. ಟೇಲರ್‌ನ ಧೈರ್ಯ ಮದುವೆಯವರೆಗೆ ಬಂದು ಸಂಸಾರದ ಹೊಸ್ತಿಲಲ್ಲಿ ಸೋತಿತು.

ಇಂದಿನ ಲೇಖಕಿ ಸೀತೆಯನ್ನು ಖಂಡಿತ ಬದುಕಿಸುತ್ತಾಳೆ, ಬದುಕಿಸಲೂಬೇಕು. ಇಂದಿನ ಮೌಲ್ಯಗಳ ನಿಜವಾದ ಉಪಯೋಗ ಅಲ್ಲಿದೆ. ಕೋರ್ಟ್ನಿ ಮಿಲನ್ ಅವರ 'ದಿ ಏರೆಸ್ ಎಫೆಕ್ಟ್' (2013) ಈ ಹಾದಿಯಲ್ಲಿ ಹೆಜ್ಜೆಯಿಟ್ಟಿದೆ. ಅದರಲ್ಲಿ ಕಾನೂನು ಓದಲು ಬಂದ ಬಂಗಾಳಿ ತರುಣನೊಬ್ಬ ಫಿಟ್ಸ್ ಬರುವ ಇಂಗ್ಲಿಷ್ ಹುಡುಗಿಯನ್ನು ಪ್ರೀತಿಸುತ್ತಾನೆ, ಜೊತೆಯವರ ಚುಚ್ಚುಮಾತನ್ನು ಮುಗುಳ್ನಕ್ಕು ನುಂಗಿಕೊಳ್ಳುವುದನ್ನೇ ರೂಢಿ ಮಾಡಿಕೊಂಡಿದ್ದಾನೆ. ಆ ನುಂಗುವಿಕೆಯಲ್ಲಿ ನಾನು ಕೇಳುತ್ತಿರುವ ಬೆಲೆ ಕಾಣಿಸುತ್ತದೆ. ಆದರೆ ಅಲ್ಲಿ ಅದು ಉಪಕಥೆ. ಅದನ್ನು ನಡುಮನೆಗೆ ತರಬೇಕು. ಬದುಕಿ ಉಳಿದ ಸೀತೆಯನ್ನು ಕಂಟೋನ್ಮೆಂಟಿನ ಹೆಂಗಸರು ಚಹಾಕ್ಕೆ ಕರೆದರೇ, ತವರಿನವರು ಹಬ್ಬಕ್ಕೆ ಕರೆದರೇ, ಅವಳ ಮಗುವನ್ನು ಯಾವ ಶಾಲೆ ಸೇರಿಸಿಕೊಂಡಿತು, ಗಂಡನ ಬಡ್ತಿ ಯಾವ ವರ್ಷ ನಿಂತುಹೋಯಿತು, ಇಷ್ಟರ ಮೇಲೂ ಇಬ್ಬರೂ ಒಬ್ಬರನ್ನೊಬ್ಬರು ಬಿಡದೆ ಉಳಿದದ್ದು ಹೇಗೆ ಎಂಬುದನ್ನು ಬರೆಯಬೇಕು. ಮುನ್ನೂರು ಪುಟಕ್ಕೆ ಅಲ್ಲಿ ಸರಕಿದೆ, ಸುಖಾಂತಕ್ಕೂ ಜಾಗವಿದೆ.