ನಾಣ್ಯದ ಮೇಲಿನ ಮುಖ

ಕವಿತೆಯನ್ನು ವಿಮರ್ಶಿಸುತ್ತೇವೆ, ಕಾದಂಬರಿಯನ್ನು ವಿಮರ್ಶಿಸುತ್ತೇವೆ. ನಿತ್ಯ ಕೈಯಲ್ಲಿ ಹಿಡಿಯುವ ನಾಣ್ಯವನ್ನು ಮಾತ್ರ ಎಣಿಸಿ ಜೇಬಿಗೆ ಹಾಕಿ ಸುಮ್ಮನಾಗುತ್ತೇವೆ. ನಾಣ್ಯದ ಮುಖಚಿತ್ರವೂ ಒಂದು ಕೃತಿಯೇ. ಅದನ್ನು ಕಂಡಷ್ಟು ಜನ ಯಾವ ಚಿತ್ರಶಾಲೆಯ ಚಿತ್ರವನ್ನೂ ಕಂಡಿರಲಾರರು. ರೋಣದ ಹಳೆಯ ಮನೆಯೊಂದರಲ್ಲಿ ದೇವರ ಪೆಟ್ಟಿಗೆಯಿಂದ ಹೊರಬಂದ ಒಂದು ಹಿಡಿ ಬಂದಾ ರೂಪಾಯಿಗಳನ್ನು ಚಾಪೆಯ ಮೇಲೆ ಇಸವಿಯ ಕ್ರಮದಲ್ಲಿ ಹರಡಿಕೊಂಡು ಕುಳಿತಾಗ ನನಗೆ ಹೊಳೆದ ಮಾತಿದು.

ಮೊದಲು ವಿಕ್ಟೋರಿಯಾ ರಾಣಿ. ದತ್ತಕದ ಹಕ್ಕು ಸಿಕ್ಕದೆ ಬಂಡೆದ್ದ ನರಗುಂದದ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ದು 1858ರ ಜೂನ್ ತಿಂಗಳಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ಕಂಪನಿಯ ಆಳಿಕೆ ಹೋಗಿ ರಾಣಿಯ ಆಳಿಕೆ ಬಂತು. 1862ರಲ್ಲಿ ಕಿರೀಟ ತೊಟ್ಟ ಆಕೆಯ ಮುಖ ರೂಪಾಯಿಯ ಮೇಲೆ ಮೂಡಿತು. 1877ರಿಂದ ‘ರಾಣಿ’ ಎಂಬುದು ಹೋಗಿ ‘ಚಕ್ರವರ್ತಿನಿ’ ಎಂದಾಯಿತು. ಬಿರುದು ಬೆಳೆಯಿತೇ ಹೊರತು ವಯಸ್ಸು ಬೆಳೆಯಲಿಲ್ಲ! ಬ್ರಿಟನ್ನಿನ ನಾಣ್ಯಗಳಲ್ಲಿ 1887ರಲ್ಲೊಮ್ಮೆ, 1893ರಲ್ಲಿ ಮತ್ತೊಮ್ಮೆ ಚಿತ್ರ ಬದಲಾಗಿ, ಕೊನೆಗೆ ಮುಸುಕು ಹೊದ್ದ ಮುದುಕಿಯೊಬ್ಬಳು ಕಾಣಿಸಿಕೊಂಡಳು. ನಮ್ಮ ರೂಪಾಯಿಯಲ್ಲಿ 1901ರವರೆಗೂ ಅದೇ ತುಂಬುಗೆನ್ನೆ. ತನ್ನ ನಾಡಿನವರಿಗೆ ಆಕೆ ಮುಪ್ಪಾಗುವ ಮನುಷ್ಯಳು. ನಮಗೆ ಬರಿಯ ಮುದ್ರೆ. ಕೆತ್ತನೆ ಎಷ್ಟೇ ಸೊಗಸಾಗಿದ್ದರೂ ಇದನ್ನು ಭಾವಚಿತ್ರವೆನ್ನಲು ನನ್ನ ಮನಸ್ಸು ಒಪ್ಪದು.

ಮೊಮ್ಮಗ ಐದನೆಯ ಜಾರ್ಜನ ಕಥೆ ಇನ್ನೂ ಸ್ವಾರಸ್ಯದ್ದು. 1911ರ ರೂಪಾಯಿಯಲ್ಲಿ ಅವನ ಮೇಲಂಗಿಯ ಮೇಲೆ ಒಂದು ಪುಟ್ಟ ಆನೆಯಿದೆ. ಅದರ ಸೊಂಡಿಲು ಎಷ್ಟು ಮೊಟಕೆಂದರೆ ಜನರ ಕಣ್ಣಿಗೆ ಅದು ಹಂದಿಯಾಗಿ ಕಂಡಿತು, ಗದ್ದಲವೆದ್ದಿತು. 1912ರ ಅಚ್ಚಿನಲ್ಲಿ ಸೊಂಡಿಲನ್ನು ಉದ್ದ ಮಾಡಿ ತಿದ್ದಿದರು. ರಾಜನ ಮೂಗು ಇದ್ದಂತೆಯೇ ಇತ್ತು. ಬದಲಾದದ್ದು ಆನೆಯ ಮೂಗು! ಆನೆಯ ಹೆಸರನ್ನೇ ಹೊತ್ತ ಗಜೇಂದ್ರಗಡದಲ್ಲಿ ಈ ಎರಡು ರೂಪಾಯಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಮಕ್ಕಳೂ ತಪ್ಪನ್ನು ತೋರಿಸಿಯಾರು. 1787ರಲ್ಲಿ ಇದೇ ಊರಿನ ಹೆಸರಿನ ಒಪ್ಪಂದಕ್ಕೆ ಮರಾಠರೊಡನೆ ಕೈಗೂಡಿಸಿದ ಟಿಪ್ಪು ತನ್ನ ತಾಮ್ರದ ನಾಣ್ಯದ ಮೇಲೆ ಸ್ವಂತ ಮುಖ ಹಾಕಿಸಲಿಲ್ಲ. ಇಡೀ ಒಂದು ಮಗ್ಗುಲನ್ನು ಆನೆಗೇ ಬಿಟ್ಟುಕೊಟ್ಟ. ಅದನ್ನು ಯಾರೂ ಹಂದಿ ಎಂದು ಮೋಸಹೋಗಲಾರರು. ನೋಡಿ ಬಲ್ಲದ್ದನ್ನು ಕೆತ್ತುವುದಕ್ಕೂ ಅಲಂಕಾರಕ್ಕೆಂದು ಅಂಚಿನಲ್ಲಿ ತುರುಕುವುದಕ್ಕೂ ಇರುವ ಅಂತರವಿದು.

ಆರನೆಯ ಜಾರ್ಜನ ಮುಖ ಮೊದಲು ಉಬ್ಬಾಗಿದ್ದು, ಬಳಿಕ ತಗ್ಗಿತು, ಕಿರಿದಾಯಿತು. 1940ರಲ್ಲಿ ರೂಪಾಯಿಯ ಬೆಳ್ಳಿಯೂ ಅರ್ಧಕ್ಕಿಳಿಯಿತು. 1950ರಲ್ಲಿ ರಾಜರ ಮುಖವೇ ಹೋಗಿ ಅಶೋಕಸ್ತಂಭದ ಸಿಂಹಗಳು ಬಂದವು. ಗಣರಾಜ್ಯಕ್ಕೆ ಇದು ತಕ್ಕದ್ದೇ.

ಆದರೂ ಮುಖದ ಮೋಹ ಬಿಡಲಿಲ್ಲ. 1964ರಲ್ಲಿ ನೆಹರೂ ತೀರಿಕೊಂಡಾಗ ಅವರ ಚಿತ್ರ ರೂಪಾಯಿ ಮತ್ತು 50 ಪೈಸೆಯ ಮೇಲೆ ಬಂತು. ಆ 50 ಪೈಸೆಯಲ್ಲಿ ಎರಡು ಬಗೆ: ಒಂದರಲ್ಲಿ ಹೆಸರು ಹಿಂದಿಯಲ್ಲಿ, ಇನ್ನೊಂದರಲ್ಲಿ ಇಂಗ್ಲಿಷಿನಲ್ಲಿ. ವ್ಯಕ್ತಿ ಒಬ್ಬನೇ, ಅಕ್ಷರ ಬೇರೆ. ಸುತ್ತಲಿನ ಅಕ್ಷರವೂ ಮುಖದ ಒಂದು ಭಾಗವೆಂಬುದು ನನಗೆ ಮನದಟ್ಟಾದದ್ದು ಇಲ್ಲಿಯೇ.

ಈ ಮಾತನ್ನು ಒರೆಗೆ ಹಚ್ಚುವ ನಾಣ್ಯವೆಂದರೆ 2006ರಲ್ಲಿ ಹೊರಟ ಬಸವೇಶ್ವರರ ಐದು ರೂಪಾಯಿ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದವನ ಮುಖ ಭಂಡಾರದ ನಾಣ್ಯಕ್ಕೇ ಬಂದದ್ದು ಸಂತೋಷದ ಸಂಗತಿ. ಹನ್ನೆರಡನೆಯ ಶತಮಾನದ ಆ ಮುಖವನ್ನು ಕಂಡು ಬರೆದವರಿಲ್ಲ; ಕಲಾವಿದನ ಕಲ್ಪನೆಯೇ ಗತಿ. ಅದಕ್ಕಾಗಿ ನಾನು ದೂರುವುದಿಲ್ಲ. ಕಾಣದ ಮುಖವನ್ನು ಕಲ್ಪಿಸಬಹುದು. ಆದರೆ ಬಸವಣ್ಣನ ನುಡಿಯನ್ನು ಕಲ್ಪಿಸಬೇಕಾಗಿಲ್ಲ. ಅದು ನಮ್ಮೆದುರಿಗೇ ಇದೆ, ಕನ್ನಡವಾಗಿಯೇ ಇದೆ. ನಾಣ್ಯದಲ್ಲಿ ಹೆಸರಿರುವುದು ದೇವನಾಗರಿಯಲ್ಲಿ ಮತ್ತು ರೋಮನ್ನಿನಲ್ಲಿ. ಸಂಸ್ಕೃತವನ್ನು ಬದಿಗಿಟ್ಟು ಜನರ ಮಾತಿನಲ್ಲಿ ನುಡಿದವನ ಸುತ್ತ ಅವನ ಜನರ ಒಂದಕ್ಷರವೂ ಇಲ್ಲ. ಕಾಯಿದೆಯ ಕ್ರಮವೇ ಹಾಗೆ ಎನ್ನಬಹುದು. ವಿಮರ್ಶೆ ಕೇಳುವುದು ಔಚಿತ್ಯವನ್ನು. ಔಚಿತ್ಯ ಇಲ್ಲಿ ತಪ್ಪಿದೆ.

ಗಜೇಂದ್ರಗಡಕ್ಕೆ ಸಮೀಪದಲ್ಲೇ ಸೂಡಿ ಇದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಲಕ್ಕುಂಡಿಯಂತೆ ಅದೂ ಟಂಕಸಾಲೆಯ ಊರು. ಆ ಅರಸರ ತೆಳ್ಳನೆಯ ಹೊನ್ನಿನ ಗದ್ಯಾಣಗಳಲ್ಲಿ ಯಾರ ಮುಖವೂ ಇಲ್ಲ. ಒಂದು ಸಿಂಹ, ಅರಸನ ಬಿರುದು, ಒಂದು ಕನ್ನಡದ ‘ಶ್ರೀ’, ಅಷ್ಟೆ. ರೋಣದಿಂದ ಹೊರಟ ದಿನ ಬಸ್ಸಿನ ಚಿಲ್ಲರೆಯಲ್ಲಿ ನನಗೊಂದು ಬಸವೇಶ್ವರರ ನಾಣ್ಯ ಸಿಕ್ಕಿತು. ಪಕ್ಕದಲ್ಲಿ ಕುಳಿತಿದ್ದ ಮುದುಕರೊಬ್ಬರು ಅದನ್ನು ಕೈಗೆ ತೆಗೆದುಕೊಂಡು, ಹೊರಳಿಸಿ ನೋಡಿ, “ಇದು ಯಾರದು?” ಎಂದು ಕೇಳಿದರು. ಹೇಳಿದೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು ಹಿಂದಿರುಗಿಸಿದರು. ಕನ್ನಡದಲ್ಲಿ ಬರೆದಿದ್ದರೆ ಅವರು ನನ್ನನ್ನು ಕೇಳಬೇಕಾಗಿರಲಿಲ್ಲ.