ಗಣಕದ ಅಚ್ಚಿನಲ್ಲಿ ಮೋಡಿ ಲಿಪಿ

ಖಾನಾಪುರ ಸೀಮೆಯ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಮೋಡಿ ಲಿಪಿಯ ಮರಾಠಿ ಕಾಗದಪತ್ರಗಳು ಇಂದಿಗೂ ದೊರೆಯುವವು. ನಮ್ಮ ಮನೆಯಲ್ಲಿಯೂ ಅಂಥ ಒಂದು ಕಟ್ಟು ಇರುವದು. ಅಜ್ಜನವರು ಅದನ್ನು ಸರಾಗವಾಗಿ ಓದುತ್ತಿದ್ದರು. ಪಾಠಶಾಲೆಯಲ್ಲಿ ನಾಗರಿಯನ್ನೇ ಅಭ್ಯಸಿಸಿದ ನನಗೆ ಅದು ಸಾಧಿಸಲಿಲ್ಲ.

ಪೇಶವೆಯರ ದಫ್ತರದ ಈ ಲಿಪಿಗೆ 2014ರಲ್ಲಿ ಯುನಿಕೋಡ್ ಎಂಬ ಜಾಗತಿಕ ಅಕ್ಷರಕೋಷ್ಟಕದಲ್ಲಿ ಸ್ಥಾನವು ದೊರೆಯಿತು. ತರುವಾಯ ನೋಟೋ ಮೊದಲಾದ ಫಾಂಟುಗಳು, ಎಂದರೆ ಗಣಕಯಂತ್ರದ ಅಚ್ಚಕ್ಷರಗಳು, ಬಳಕೆಗೆ ಬಂದವು. ಈ ಉದ್ಯಮವು ನಿಸ್ಸಂಶಯವಾಗಿ ಅಭಿನಂದನೀಯವು. ನನ್ನ ಮೊಮ್ಮಗಳು ಇವುಗಳ ನೆರವಿನಿಂದ ಒಂದೇ ತಿಂಗಳಲ್ಲಿ ಅಕ್ಷರಮಾಲೆಯನ್ನು ಕಲಿತಳು. ಆದರೆ ಮನೆಯ ಪತ್ರವನ್ನು ಎದುರಿಗಿಟ್ಟಾಗ ಎರಡನೆಯ ಸಾಲಿನಲ್ಲಿಯೇ ನಿಂತುಬಿಟ್ಟಳು. ದೋಷವು ಹುಡುಗಿಯದಲ್ಲ.

ಮೋಡಿಯ ಲಿಪಿಕಾರನು ಮೊದಲು ಹಾಳೆಯ ಉದ್ದಕ್ಕೂ ತಲೆಗೆರೆಯನ್ನೆಳೆದು, ಬಳಿಕ ಲೆಕ್ಕಣಿಕೆಯನ್ನು ಆದಷ್ಟು ಎತ್ತದೆ ಅಕ್ಷರಗಳನ್ನು ಪೋಣಿಸುತ್ತ ಹೋಗುವನು. ಕೂಡುವ ಸ್ವರಕ್ಕೆ ತಕ್ಕಂತೆ ವ್ಯಂಜನದ ಆಕಾರವೇ ಬದಲಾಗುವದುಂಟು. ಪದಗಳ ನಡುವೆ ತೆರಪಿಲ್ಲ. ಅಚ್ಚಿನಲ್ಲಿಯಾದರೋ ಅದೇ ರೂಪವು ನೂರು ಸಲ ಬಂದರೂ ಒಂದೇ ಮುಖ. ಚೀನದ ಹಸ್ತಪ್ರತಿಗಳ ಬರಹವನ್ನು ಅಚ್ಚಿಗಿಳಿಸುವವರು ಸಹಸ್ರಾರು ಅಕ್ಷರಗಳನ್ನು ಬಿಡಿಸಬೇಕಾಗುವದು. ಮೋಡಿಗೆ ಯುನಿಕೋಡಿನಲ್ಲಿರುವ ಸಂಕೇತಗಳು 79 ಮಾತ್ರ. ಇಲ್ಲಿಯ ಕಷ್ಟವು ಸಂಖ್ಯೆಯಲ್ಲಿಲ್ಲ, ಸಂಧಿಯಲ್ಲಿದೆ.

ಇದಕ್ಕಿಂತ ಗುರುತರವಾದ ಆಕ್ಷೇಪವೊಂದುಂಟು. ಹಳೆಯ ಮೋಡಿಯಲ್ಲಿ ಇಕಾರ ಉಕಾರಗಳ ಹ್ರಸ್ವದೀರ್ಘಭೇದವನ್ನು ಸಾಮಾನ್ಯವಾಗಿ ಪಾಲಿಸುತ್ತಿರಲಿಲ್ಲ. ಯುನಿಕೋಡಿನಲ್ಲಿ ಎರಡಕ್ಕೂ ಬೇರೆ ಬೇರೆ ಸಂಕೇತಗಳಿರುವವು. ಆದುದರಿಂದ ನಕಲು ಮಾಡುವವನು ಎರಡರಲ್ಲೊಂದನ್ನು ಆರಿಸಲೇಬೇಕು. ಕರಣಿಕನು ಮಾಡದ ಭೇದವನ್ನು ಅವನ ಹೆಸರಿನಲ್ಲಿ ತಾನು ಮಾಡಿದಂತಾಯಿತು. ಕಾವ್ಯದಲ್ಲಾದರೆ ಇದನ್ನು ಪಾಠಾಂತರವೆನ್ನಬಹುದು. ಹೊಲದೊಡೆಯನ ಹೆಸರಿನಲ್ಲಾದರೆ ಅದು ವ್ಯಾಜ್ಯಕ್ಕೆ ಬೀಜವಾದೀತು.

ಕಾರಣ, ಅಚ್ಚಕ್ಷರವನ್ನು ರಚಿಸುವವರು ತಾವು ಯಾವ ಕಾಲದ, ಯಾವ ಸೀಮೆಯ ಬರಹವನ್ನು ಅನುಸರಿಸಿದೆವೆಂಬುದನ್ನು ಸ್ಪಷ್ಟವಾಗಿ ಹೇಳತಕ್ಕದ್ದು. 1818ಕ್ಕೆ ಹಿಂದಿನ ಪೇಶವೆಯರ ಕಾಲದ ಬರಹವೂ ತರುವಾಯದ ಆಂಗ್ಲರ ಕಾಲದ ಬರಹವೂ ಒಂದೇ ಅಲ್ಲ. ರೂಪಾಂತರಗಳನ್ನೂ ಒದಗಿಸತಕ್ಕದ್ದು. ನಕಲುಗಾರರು ಮೂಲದ ಛಾಯಾಚಿತ್ರವನ್ನು ಜೊತೆಗಿಡದೆ ನಕಲನ್ನು ಪ್ರಕಟಿಸಲಾಗದು. ಕನ್ನಡ ಕಡತಗಳಲ್ಲಿಯೂ ಮೋಡಿಯೆಂದೇ ಕರೆಯುವ ಕೂಡುಬರಹವುಂಟು. ಅದನ್ನು ಅಚ್ಚಿಗಿಳಿಸುವವರಿಗೂ ಈ ಮಾತು ಸಲ್ಲುವದು.

ಬೆಳಗಾವಿ, ಖಾನಾಪುರಗಳ ಗೃಹಸ್ಥರಲ್ಲಿ ಒಂದು ವಿಜ್ಞಾಪನೆ. ಅಚ್ಚು ಬಂದಿತೆಂದು ಹಳೆಯ ಕಟ್ಟುಗಳನ್ನು ರದ್ದಿಗೆ ಹಾಕಬೇಡಿರಿ. ಓದಬಲ್ಲ ವೃದ್ಧರು ಯಾರಾದರೂ ಉಳಿದಿದ್ದರೆ ಮಕ್ಕಳನ್ನು ಅವರ ಬಳಿ ಕೂಡ್ರಿಸಿರಿ. ನಾನು ಅಜ್ಜನವರ ಬಳಿ ಕೂಡ್ರಲಿಲ್ಲ.