ಇದ್ದುದರಲ್ಲಿ ವಾಸಿ

2024ರ ವಸಂತದಲ್ಲಿ ಫ್ಲಾರಿಡಾದ ಡೆಮಾಕ್ರಟಿಕ್ ಮತದಾರರಿಗೆ ತಮ್ಮ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಯೇ ನಡೆಯಲಿಲ್ಲ. ರಾಜ್ಯದ ಪಕ್ಷ ಘಟಕ ಜೋ ಬೈಡನ್ ಹೆಸರೊಂದನ್ನೇ ಕೊಟ್ಟಿತ್ತು. ಕಣದಲ್ಲಿ ಒಬ್ಬರೇ ಇದ್ದಾಗ ಮತದಾನ ಏಕೆ ಎಂದು ಅದನ್ನು ಕೈಬಿಡಲಾಯಿತು. ಉಳಿದ ರಾಜ್ಯಗಳಲ್ಲಿ ಸುಮಾರು 1.4 ಕೋಟಿ ಜನ ಬೈಡನ್‌ಗೆ ಮತ ಹಾಕಿದರು. ಬೈಡನ್‌ಗೆ ವಯಸ್ಸಾಯಿತು ಎಂದು ಅದೇ ಪಕ್ಷದ ಬೆಂಬಲಿಗರು ಸಮೀಕ್ಷೆಗಳಲ್ಲಿ ಒಂದು ವರ್ಷದಿಂದ ಹೇಳುತ್ತಲೇ ಇದ್ದರು. ಜೂನ್ 27ರ ಟಿವಿ ಚರ್ಚೆಯಲ್ಲಿ ಅವರು ತಡವರಿಸಿದ್ದನ್ನು ಇಡೀ ದೇಶ ನೋಡಿತು. ಜುಲೈ 21ರಂದು ಬೈಡನ್ ಹಿಂದೆ ಸರಿದರು. ಆಗಸ್ಟ್ ಮೊದಲ ವಾರದಲ್ಲಿ ಪಕ್ಷದ ಪ್ರತಿನಿಧಿಗಳು ಕಮಲಾ ಹ್ಯಾರಿಸ್ ಅವರನ್ನು ಅಭ್ಯರ್ಥಿಯೆಂದು ಒಪ್ಪಿಕೊಂಡರು. ಆ ವರ್ಷದ ಯಾವ ಪ್ರೈಮರಿಯಲ್ಲೂ ಅವರು ಕಣದಲ್ಲಿರಲಿಲ್ಲ.

ಹ್ಯಾರಿಸ್ ಅವರ ಅರ್ಹತೆಯ ಬಗ್ಗೆ ನನ್ನ ತಕರಾರಿಲ್ಲ. ಆ ಹೊತ್ತಿಗೆ ಪಕ್ಷಕ್ಕೆ ಬೇರೆ ದಾರಿಯೂ ಉಳಿದಿರಲಿಲ್ಲ. ದಾರಿಗಳನ್ನು ಮುಚ್ಚಿದ್ದು ಅದಕ್ಕೂ ಮೊದಲಿನ ಹದಿನೆಂಟು ತಿಂಗಳ ಮೌನ. ಗವರ್ನರುಗಳು, ಸೆನೆಟರುಗಳು, ಮುಂದೊಂದು ದಿನ ತಾವೇ ಅಧ್ಯಕ್ಷರಾಗಬೇಕೆಂದಿದ್ದ ನಾಯಕರು, ಎಲ್ಲರೂ ಕಾಣುತ್ತಿದ್ದುದನ್ನು ಕಾಣಲಿಲ್ಲವೆಂಬಂತೆ ಇದ್ದರು. ಸ್ಪರ್ಧೆಗಿಳಿದ ಕಾಂಗ್ರೆಸ್ ಸದಸ್ಯ ಡೀನ್ ಫಿಲಿಪ್ಸ್ ಅವರನ್ನು ಪಕ್ಷದ್ರೋಹಿಯಂತೆ ಕಂಡರು. ಎದುರಿಗೆ ಟ್ರಂಪ್ ಇರುವಾಗ ಮನೆಯೊಳಗೆ ಜಗಳ ಬೇಡ ಎಂಬುದು ಆ ನಾಯಕರ ವಾದ. ಆದರೆ ಆ ಜಗಳ ನಡೆಯಬೇಕಾದ ಜಾಗವೇ ಪ್ರೈಮರಿ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೂ ಪ್ರೈಮರಿಗೆ ನಿಲ್ಲದೆ ಅಭ್ಯರ್ಥಿಯಾದರು, ಶಿಕಾಗೋ ಅಧಿವೇಶನದ ಹೊರಗೆ ಯುವಕರು ಪೊಲೀಸರ ಲಾಠಿ ತಿಂದರು. ಆ ಅವಮಾನದ ನಂತರವೇ ಅಭ್ಯರ್ಥಿಯ ಆಯ್ಕೆಯನ್ನು ಮತದಾರರ ಕೈಗೆ ಕೊಡುವ ಸುಧಾರಣೆಗಳು ಬಂದದ್ದು. ಹಾಗೆ ಪಡೆದ ಹಕ್ಕನ್ನು 2024ರಲ್ಲಿ ಪಕ್ಷ ತಾನಾಗಿಯೇ ನಿಷ್ಠೆಯ ಹೆಸರಿನಲ್ಲಿ ವಾಪಸು ಪಡೆಯಿತು.

ರಿಪಬ್ಲಿಕನ್ ಪಾಳಯದಲ್ಲಿ ನಿಷ್ಠೆಗೆ ಲಿಖಿತ ರೂಪವೇ ಇತ್ತು. ಯಾರೇ ಅಭ್ಯರ್ಥಿಯಾದರೂ ಬೆಂಬಲಿಸುತ್ತೇನೆ ಎಂದು ಸಹಿ ಹಾಕಿದವರಿಗೆ ಮಾತ್ರ ಚರ್ಚಾ ವೇದಿಕೆಯಲ್ಲಿ ಜಾಗ. ಸಹಿ ಹಾಕದ ಟ್ರಂಪ್ ಒಂದು ಚರ್ಚೆಗೂ ಬರಲಿಲ್ಲ, ಬಾರದೆಯೇ ಗೆದ್ದರು. 2023ರ ಆಗಸ್ಟ್‌ನಲ್ಲಿ ಮಿಲ್ವಾಕಿಯ ವೇದಿಕೆಯ ಮೇಲಿದ್ದ ಎಂಟು ಸ್ಪರ್ಧಿಗಳಿಗೆ ಒಂದು ಪ್ರಶ್ನೆ ಹಾಕಲಾಯಿತು: ಟ್ರಂಪ್ ನ್ಯಾಯಾಲಯದಲ್ಲಿ ಅಪರಾಧಿಯೆಂದು ತೀರ್ಮಾನವಾದರೂ ಅಭ್ಯರ್ಥಿಯಾದರೆ ಬೆಂಬಲಿಸುತ್ತೀರಾ? ಆರು ಜನ ಕೈ ಎತ್ತಿದರು. ತಾವು ಸೋಲಿಸಲೆಂದು ಬಂದ ವ್ಯಕ್ತಿಗೆ ಸ್ಪರ್ಧೆ ಶುರುವಾಗುವ ಮೊದಲೇ ಶರಣಾದವರನ್ನು ಮತದಾರ ಪರ್ಯಾಯವೆಂದು ಏಕೆ ನಂಬಬೇಕು?

ಗ್ಯಾಲಪ್ ಸಮೀಕ್ಷೆಯ ಪ್ರಕಾರ ಇಂದು ಅಮೆರಿಕದ ವಯಸ್ಕರಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿ ತಮ್ಮನ್ನು ಸ್ವತಂತ್ರರೆಂದು ಕರೆದುಕೊಳ್ಳುತ್ತಾರೆ. ಎರಡು ಪಕ್ಷಗಳಲ್ಲಿ ಯಾವುದಕ್ಕೂ ಅಷ್ಟು ಜನರಿಲ್ಲ. ಆದರೂ ನವೆಂಬರ್‌ನಲ್ಲಿ ಇವರಲ್ಲಿ ಬಹುಪಾಲು ಜನ ಪ್ರತಿ ಸಲವೂ ತಮ್ಮ ಒಲವಿನ ಪಕ್ಷಕ್ಕೇ ಮತ ಹಾಕುತ್ತಾರೆ. ಇದನ್ನು ಆತ್ಮವಂಚನೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತಮ್ಮ ಪಕ್ಷದ ಮೇಲಿನ ಪ್ರೀತಿ ಬತ್ತಿ ಹೋಗಿ, ಎದುರು ಪಕ್ಷದ ಭಯವೊಂದೇ ಅವರನ್ನು ಮತಗಟ್ಟೆಗೆ ತರುತ್ತಿದೆ. ಭಯದಿಂದ ಬಂದ ಮತವನ್ನು ಪಕ್ಷಗಳು ಪ್ರೀತಿಯ ಮತವೆಂದೇ ಲೆಕ್ಕ ಹಾಕುತ್ತವೆ, ಆಮೇಲೆ ನಾಲ್ಕು ವರ್ಷ ಆ ಮತದಾರನ ಮಾತು ಕೇಳಬೇಕಾದ ಅಗತ್ಯ ಅವಕ್ಕಿರುವುದಿಲ್ಲ. ಹತಾಶೆಯ ಮೂಲ ಇಲ್ಲಿದೆ.

ಈ ಭಯಕ್ಕೆ ಆಧಾರವಿಲ್ಲ ಎನ್ನಲಾಗದು. 2000ದಲ್ಲಿ ಫ್ಲಾರಿಡಾದಲ್ಲಿ ಜಾರ್ಜ್ ಬುಷ್ ಗೆದ್ದದ್ದು 537 ಮತಗಳಿಂದ. ಅಲ್ಲಿ ಗ್ರೀನ್ ಪಕ್ಷದ ರಾಲ್ಫ್ ನೇಡರ್ ಪಡೆದದ್ದು 97,488. ಅಂದಿನಿಂದ ಇಂದಿನವರೆಗೂ ಮೂರನೆಯವರಿಗೆ ಮತ ಹಾಕಹೊರಟವರ ಮುಂದೆ ಈ ಎರಡು ಸಂಖ್ಯೆಗಳನ್ನು ಹಿಡಿಯುತ್ತಾರೆ. ನೇಡರ್ ಮತದಾರರನ್ನು ಇಪ್ಪತ್ತೈದು ವರ್ಷ ಕಟಕಟೆಯಲ್ಲಿ ನಿಲ್ಲಿಸಿರುವುದು ಅನ್ಯಾಯ. ಪಾಮ್ ಬೀಚ್ ಕೌಂಟಿಯ ಗೊಂದಲದ ಮತಪತ್ರ, ಮರುಎಣಿಕೆಯನ್ನು ನಿಲ್ಲಿಸಿದ ಸುಪ್ರೀಂ ಕೋರ್ಟ್, ತನ್ನ ತವರು ರಾಜ್ಯ ಟೆನೆಸ್ಸೀಯನ್ನೇ ಗೆಲ್ಲಲಾಗದ ಡೆಮಾಕ್ರಟಿಕ್ ಅಭ್ಯರ್ಥಿ ಆಲ್ ಗೋರ್: ಇವೆಲ್ಲ ಮರೆತುಹೋಗಿ ಗ್ರೀನ್ ಪಕ್ಷದ ಮತದಾರ ಮಾತ್ರ ಅಪರಾಧಿಯಾಗಿ ಉಳಿದ. ಒಂದು ಮತ ಹೆಚ್ಚು ಬಂದವನಿಗೆ ರಾಜ್ಯದ ಎಲೆಕ್ಟೋರಲ್ ಮತಗಳ ಇಡೀ ಗಂಟು ಕೊಟ್ಟುಬಿಡುವ ಪದ್ಧತಿಯನ್ನು ಯಾರೂ ಕಟಕಟೆಗೆ ಏರಿಸಲಿಲ್ಲ.

ಆ ಪದ್ಧತಿಯ ಶಕ್ತಿ ಎಷ್ಟೆಂದು ತಿಳಿಯಲು 1992ನ್ನು ನೋಡಬೇಕು. ರಾಸ್ ಪೆರೋ ಎಂಬ ಟೆಕ್ಸಸ್‌ನ ಉದ್ಯಮಿಗೆ ಆ ವರ್ಷ ದೇಶದ ಸುಮಾರು ಶೇ 19ರಷ್ಟು ಮತ ಬಂತು. ಅಧ್ಯಕ್ಷರನ್ನು ಆರಿಸುವ ಎಲೆಕ್ಟೋರಲ್ ಕಾಲೇಜಿನ 538 ಮತಗಳಲ್ಲಿ ಬಂದದ್ದು ಸೊನ್ನೆ. ನಾಲ್ಕು ವರ್ಷದ ನಂತರ ಚರ್ಚೆಗಳಿಗೂ ಅವರನ್ನು ಸೇರಿಸಲಿಲ್ಲ. ಆ ಚರ್ಚೆಗಳನ್ನು ನಡೆಸುತ್ತಿದ್ದ ಆಯೋಗವನ್ನು 1987ರಲ್ಲಿ ಹುಟ್ಟುಹಾಕಿದ್ದು ಎರಡೂ ಪಕ್ಷಗಳ ಅಧ್ಯಕ್ಷರೇ.

ಇದಕ್ಕೆ ಭೂಗೋಳವೂ ಸೇರಿಕೊಳ್ಳುತ್ತದೆ. ಅಮೆರಿಕದ ಪೌರತ್ವ ಪಡೆದ ಕನ್ನಡಿಗರಲ್ಲಿ ಅನೇಕರು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲೋ ನ್ಯೂಜೆರ್ಸಿಯಲ್ಲೋ ನೆಲೆಸಿದ್ದಾರೆ. ಈ ಎರಡೂ ರಾಜ್ಯಗಳು ಅಧ್ಯಕ್ಷೀಯ ಚುನಾವಣೆಗಳಲ್ಲಿ 1992ರಿಂದ ಡೆಮಾಕ್ರಟಿಕ್ ಪಕ್ಷವನ್ನು ಬಿಟ್ಟು ಕದಲಿಲ್ಲ. ವರ್ಷಗಟ್ಟಲೆ ಗ್ರೀನ್ ಕಾರ್ಡಿಗೆ ಕಾದು, ಮತ್ತೆ ಪೌರತ್ವಕ್ಕೆ ಕಾದು, ಕೊನೆಗೆ ಕೈಗೆ ಬಂದ ಮತ ಫಲಿತಾಂಶ ಮೊದಲೇ ಗೊತ್ತಿರುವ ರಾಜ್ಯದ್ದು. ಪ್ರಚಾರ, ಹಣ, ಅಭ್ಯರ್ಥಿಗಳ ಓಡಾಟ ಎಲ್ಲವೂ ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್‌ನಂಥ ಏಳು ರಾಜ್ಯಗಳ ಸುತ್ತ. ಅಲ್ಲಿಯವರಿಗೆ ಮತದ ಬೆಲೆ ಇದೆ, ಆದರೆ ಮನಸ್ಸಿನಂತೆ ಹಾಕುವ ಸ್ವಾತಂತ್ರ್ಯವಿಲ್ಲ. ಉಳಿದವರಿಗೆ ಸ್ವಾತಂತ್ರ್ಯವಿದೆ, ಬೆಲೆಯಿಲ್ಲ.

ಮಿಷಿಗನ್‌ನಲ್ಲಿ 2024ರ ಫೆಬ್ರವರಿ 27ರಂದು ಒಂದು ಲಕ್ಷಕ್ಕೂ ಹೆಚ್ಚು ಡೆಮಾಕ್ರಟಿಕ್ ಮತದಾರರು ಬೈಡನ್ ಹೆಸರು ಬಿಟ್ಟು, ಯಾರಿಗೂ ಬದ್ಧರಲ್ಲ ಎಂಬ ಸಾಲಿಗೆ ಗುರುತು ಹಾಕಿದರು. ಗಾಜಾ ಯುದ್ಧದಲ್ಲಿ ತಮ್ಮ ಸರ್ಕಾರದ ಪಾತ್ರದ ವಿರುದ್ಧ ಅದು ಅವರ ಪ್ರತಿಭಟನೆ. ಇಷ್ಟು ಶಿಸ್ತಿನ, ಇಷ್ಟು ಸ್ಪಷ್ಟವಾದ ಅಸಮ್ಮತಿಯನ್ನು ಇತ್ತೀಚಿನ ಅಮೆರಿಕನ್ ಚುನಾವಣೆಗಳಲ್ಲಿ ನಾನು ಕಂಡಿಲ್ಲ. ಪಕ್ಷ ಬಿಡದೆ, ನಿಯಮ ಮುರಿಯದೆ, ಎಂಟು ತಿಂಗಳು ಮೊದಲೇ ಎಚ್ಚರಿಸಿದ ಮತ ಅದು. ಆಗಸ್ಟ್ ಅಧಿವೇಶನದಲ್ಲಿ ಅವರು ಕೇಳಿದ್ದು ಮುಖ್ಯ ವೇದಿಕೆಯಲ್ಲಿ ಒಬ್ಬ ಪ್ಯಾಲೆಸ್ತೀನಿ ಅಮೆರಿಕನ್ನರಿಗೆ ಕೆಲವು ನಿಮಿಷ. ಅದನ್ನೂ ಕೊಡಲಿಲ್ಲ. ನವೆಂಬರ್‌ನಲ್ಲಿ ಅರಬ್ ಅಮೆರಿಕನ್ನರು ಹೆಚ್ಚಾಗಿರುವ ಡಿಯರ್‌ಬಾರ್ನ್ ನಗರದಲ್ಲಿ ಟ್ರಂಪ್ ಮೊದಲಿಗರಾದರು, ಹ್ಯಾರಿಸ್ ಎರಡನೆಯವರು, ಗ್ರೀನ್ ಪಕ್ಷದ ಜಿಲ್ ಸ್ಟೈನ್‌ಗೂ ಗಣನೀಯ ಪಾಲು ಬಂತು. ಇದರಿಂದ ಗಾಜಾದ ಜನರಿಗೆ ಒಳಿತಾಯಿತೇ ಎಂದು ಕೇಳುವವರು ಇರಬಹುದು, ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಫೆಬ್ರವರಿಯಲ್ಲಿ ಕಿವಿಗೊಡದ ಪಕ್ಷಕ್ಕೆ ನವೆಂಬರ್‌ನಲ್ಲಿ ಅದನ್ನು ಕೇಳುವ ಹಕ್ಕು ಕಡಿಮೆ.

ನೆವಾಡಾ ರಾಜ್ಯದ ಮತಪತ್ರದಲ್ಲಿ 1970ರ ದಶಕದಿಂದಲೂ ‘ಇವರಲ್ಲಿ ಯಾರೂ ಅಲ್ಲ’ ಎಂಬ ಸಾಲಿದೆ. ನಮ್ಮಲ್ಲಿ 2013ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಬಂದ ನೋಟಾದ ಹಿರಿಯ ಬಂಧು. 2024ರ ಅಲ್ಲಿನ ರಿಪಬ್ಲಿಕನ್ ಪ್ರೈಮರಿಯಲ್ಲಿ ಟ್ರಂಪ್ ಹೆಸರಿರಲಿಲ್ಲ. ಕಣದಲ್ಲಿದ್ದ ನಿಕಿ ಹೇಲಿ ಅವರನ್ನು ಈ ಸಾಲು ದುಪ್ಪಟ್ಟು ಮತಗಳಿಂದ ಸೋಲಿಸಿತು. ಆದರೆ ಅಂದು ಅದನ್ನು ಆರಿಸಿದವರಲ್ಲಿ ಬಹಳಷ್ಟು ಜನ ಟ್ರಂಪ್ ನಿಷ್ಠರು. ಅಸಮ್ಮತಿಗೆಂದು ಮಾಡಿದ ಜಾಗವನ್ನೂ ನಿಷ್ಠೆ ಆಕ್ರಮಿಸಿತು. ಅಲ್ಲಿಯೂ ಇಲ್ಲಿಯೂ ಈ ಸಾಲು ಎಷ್ಟೇ ಮತ ಪಡೆದರೂ ಅಧಿಕಾರ ಅಭ್ಯರ್ಥಿಗಳಲ್ಲಿ ಮುಂದಿರುವವರಿಗೇ ಹೋಗುತ್ತದೆ. ಸಿಟ್ಟು ದಾಖಲಾಗುತ್ತದೆ, ಆಯ್ಕೆ ಹೆಚ್ಚುವುದಿಲ್ಲ.

ಮೂರನೆಯ ಪಕ್ಷಗಳನ್ನೂ ಸುಮ್ಮನೆ ಬಿಡುವಂತಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಅಧ್ಯಕ್ಷ ಪದವಿಗೆ ಹೆಸರು ಹಾಕಿ, ನಡುವೆ ಊರಿನ ಶಾಲಾ ಮಂಡಳಿಯಿಂದ ರಾಜ್ಯದ ಶಾಸನಸಭೆಯವರೆಗೆ ಹೆಚ್ಚಿನ ಕಡೆ ಕಾಣದೆ ಹೋಗುವ ಪಕ್ಷವನ್ನು ಪರ್ಯಾಯ ಎನ್ನುವುದು ಕಷ್ಟ. ಮತಪತ್ರದಲ್ಲಿ ಹೆಸರು ಬರಲು ಅನೇಕ ರಾಜ್ಯಗಳು ಕೇಳುವ ಸಹಿಗಳ ಸಂಖ್ಯೆ ಕ್ರೂರವಾದದ್ದು, ಟೆಕ್ಸಸ್‌ನಲ್ಲಿ 2024ರಲ್ಲಿ ಸ್ವತಂತ್ರ ಅಭ್ಯರ್ಥಿಗೆ ಲಕ್ಷಕ್ಕೂ ಹೆಚ್ಚು ಸಹಿ ಬೇಕಿತ್ತು. ಆದರೂ ಊರಿನಿಂದ ಕಟ್ಟುವ ಕೆಲಸಕ್ಕೆ ಅದು ಅಡ್ಡಿಯಲ್ಲ.

ನನಗೆ ಭರವಸೆ ಹುಟ್ಟಿಸುವುದು ಮೇನ್ ಮತ್ತು ಅಲಾಸ್ಕಾ. ಅಲ್ಲಿ ಮತದಾರರು ಅಭ್ಯರ್ಥಿಗಳನ್ನು ಒಂದು, ಎರಡು, ಮೂರು ಎಂದು ಕ್ರಮವಾಗಿ ಗುರುತಿಸಬಹುದು. ಮೊದಲ ಆಯ್ಕೆ ಎಣಿಕೆಯಿಂದ ಬಿದ್ದುಹೋದರೆ ಮತ ಎರಡನೆಯವರಿಗೆ ಹೋಗುತ್ತದೆ. ನೇಡರ್‌ಗೆ ಮತ ಹಾಕಿ ಗೋರ್‌ಗೆ ಎರಡನೆಯ ಸ್ಥಾನ ಕೊಡುವುದು 2000ದಲ್ಲಿ ಸಾಧ್ಯವಿದ್ದಿದ್ದರೆ ಅಂದಿನ ಆರೋಪವೇ ಹುಟ್ಟುತ್ತಿರಲಿಲ್ಲ. ಮೇನ್ ರಾಜ್ಯ 2020ರಲ್ಲಿ ಅಧ್ಯಕ್ಷೀಯ ಚುನಾವಣೆಗೂ ಇದನ್ನು ಅನ್ವಯಿಸಿತು. ಆದರೆ 2024ರ ನವೆಂಬರ್‌ನಲ್ಲಿ ಕೊಲರಾಡೊ, ಐಡಾಹೊ, ನೆವಾಡಾ, ಆರೆಗಾನ್ ಮತದಾರರು ಇಂಥ ಪ್ರಸ್ತಾವಗಳನ್ನು ತಿರಸ್ಕರಿಸಿದರು, ಮಿಸೌರಿ ತನ್ನ ಸಂವಿಧಾನದಲ್ಲೇ ನಿಷೇಧಿಸಿತು. ನೆವಾಡಾದಲ್ಲಿ ಎರಡೂ ಪಕ್ಷಗಳ ನಾಯಕರು ಒಟ್ಟಾಗಿ ಇದನ್ನು ವಿರೋಧಿಸಿದ್ದರು. ಅಲಾಸ್ಕಾದಲ್ಲಿ ಈ ಪದ್ಧತಿಯನ್ನು ರದ್ದುಮಾಡುವ ಪ್ರಸ್ತಾವ ಒಂದು ಸಾವಿರಕ್ಕಿಂತ ಕಡಿಮೆ ಮತಗಳ ಅಂತರದಲ್ಲಿ ಬಿದ್ದುಹೋಯಿತು. ಅದನ್ನು ಮತ್ತೆ ಮತಕ್ಕೆ ಹಾಕಲು ವಿರೋಧಿಗಳು ಆಗಲೇ ಸಹಿ ಸಂಗ್ರಹಕ್ಕೆ ಇಳಿದರು.